ಜಾಝ್: ಕೇಳುಗರು ಬರೆದ ಚರಿತ್ರೆ

ಕಲೆಯ ಚರಿತ್ರೆಯೆಂದು ನಾವು ಬರೆಯುವುದು ಸಾಮಾನ್ಯವಾಗಿ ಕಲಾವಿದರ ಚರಿತ್ರೆ. ಕವಿ ಯಾವಾಗ ಹುಟ್ಟಿದ, ಯಾರ ಆಶ್ರಯದಲ್ಲಿದ್ದ, ಏನೇನು ರಚಿಸಿದ ಎಂಬುದನ್ನು ಶ್ರದ್ಧೆಯಿಂದ ವಿಚಾರಿಸುತ್ತೇವೆ. ಅವನ ಕಾವ್ಯವನ್ನು ಯಾರು ಕೇಳಿದರು, ಕೇಳಿ ತಮ್ಮತಮ್ಮಲ್ಲಿ ಏನು ಮಾತಾಡಿಕೊಂಡರು, ಆ ಮಾತಿನಿಂದ ಕಾವ್ಯಕ್ಕೇನಾಯಿತು ಎಂಬುದನ್ನು ವಿಚಾರಿಸುವುದು ಕಡಮೆ. ನಮ್ಮ ಆಲಂಕಾರಿಕರಾದರೋ ಈ ವಿಷಯದಲ್ಲಿ ಉದಾರಿಗಳು. ಅಭಿನವಗುಪ್ತ ತನ್ನ 'ಲೋಚನ' ವ್ಯಾಖ್ಯಾನದ ಆರಂಭದಲ್ಲಿಯೇ ಕವಿಯನ್ನೂ ಸಹೃದಯನನ್ನೂ ಒಟ್ಟಿಗೆ ಸ್ಮರಿಸುತ್ತಾನೆ. ಕೃತಿಯ ಅರ್ಧಭಾಗ ಕೇಳುವವನ ಹೃದಯದಲ್ಲಿ ಸಿದ್ಧವಾಗುತ್ತದೆಂಬ ಈ ತತ್ತ್ವವನ್ನು ನಾವು ಶಾಸ್ತ್ರವಾಗಿ ಒಪ್ಪಿದ್ದೇವೆಯೇ ಹೊರತು ಚರಿತ್ರೆಯಾಗಿ ನೋಡಿದ್ದು ಅಪರೂಪ.

ಹಾಗೆ ನೋಡಲು ಅತ್ಯಂತ ಅನುಕೂಲವಾದ ಉದಾಹರಣೆಯೊಂದು ಕಳೆದ ಶತಮಾನದಲ್ಲಿ ದೊರೆಯುತ್ತದೆ. ಅದು ಅಮೆರಿಕದ ಕಪ್ಪು ಜನರ ನಡುವೆ ಹುಟ್ಟಿದ ಜಾಝ್ ಸಂಗೀತ. ಈ ಸಂಗೀತಕ್ಕೆ ರಾಜಾಶ್ರಯವಿರಲಿಲ್ಲ, ಮಠಮಂದಿರಗಳ ಆಶ್ರಯವಿರಲಿಲ್ಲ, ಮೊದಲಿಗೆ ವಿದ್ವಾಂಸರ ಮನ್ನಣೆಯೂ ಇರಲಿಲ್ಲ. ಇದ್ದದ್ದು ಗ್ರಾಮಫೋನಿನ ಸುತ್ತ ಕುಳಿತು, ಒಂದೊಂದು ತಟ್ಟೆಯನ್ನು ಹತ್ತಾರು ಸಲ ತಿರುಗಿಸಿ ಕೇಳಿ, ಇದು ಹೆಚ್ಚು, ಅದು ಕಡಮೆ ಎಂದು ಜಗಳವಾಡುತ್ತಿದ್ದ ಕೆಲವು ಮಂದಿ ಹುಚ್ಚು ಕೇಳುಗರು. ಜಾಝಿನ ಚರಿತ್ರೆಯನ್ನು ಮೊದಲು ಬರೆದವರು ಅವರು. ಅವರ ಪ್ರೀತಿ ಈ ಸಂಗೀತಕ್ಕೆ ಏನು ಕೊಟ್ಟಿತು, ಅದೇ ಪ್ರೀತಿ ಎಲ್ಲಿ ಕುರುಡಾಯಿತು ಎಂಬುದೇ ಈ ಭಾಷಣದ ವಿಷಯ.

ಜಾಝ್ ರೂಪುಗೊಂಡದ್ದು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ, ಲೂಯಿಸಿಯಾನ ಪ್ರಾಂತದ ನ್ಯೂ ಆರ್ಲಿಯನ್ಸ್ ನಗರದಲ್ಲಿ. ಮೆರವಣಿಗೆಯ ಬ್ಯಾಂಡು, ಇಗರ್ಜಿಯ ಹಾಡು, ದುಡಿಮೆಗಾರರ ಬ್ಲೂಸ್, ಪಿಯಾನೋದ ರ‍್ಯಾಗ್‌ಟೈಮ್ ಇವೆಲ್ಲ ಅಲ್ಲಿ ಬೆರೆತವು. ಇದರ ಜೀವಾಳ ನಮ್ಮ ಸಂಗೀತದಲ್ಲಿ ನಾವು ಮನೋಧರ್ಮವೆಂದು ಕರೆಯುವ ಗುಣಕ್ಕೆ ಸಮೀಪವಾದದ್ದು. ಎತ್ತಿಕೊಂಡ ಹಾಡು ನೆಪ ಮಾತ್ರ. ಅದನ್ನು ಆ ಕ್ಷಣದಲ್ಲಿ ವಾದಕ ಹೇಗೆ ಬೆಳೆಸಿದ ಎಂಬುದೇ ಮುಖ್ಯ. ಹೀಗಾಗಿ ಇದನ್ನು ಸ್ವರಲಿಪಿಯಲ್ಲಿ ಹಿಡಿದಿಡಲಾಗದು. ಬಡ್ಡಿ ಬೋಲ್ಡನ್ ಎಂಬ ಕಾರ್ನೆಟ್ ವಾದಕನನ್ನು ಈ ಸಂಗೀತದ ಆದಿಪುರುಷನೆಂದು ಎಲ್ಲರೂ ಹೇಳುತ್ತಾರೆ. ಅವನು 1907ರಲ್ಲಿ ಚಿತ್ತವಿಕಾರದಿಂದ ಆಸ್ಪತ್ರೆ ಸೇರಿ, 1931ರಲ್ಲಿ ಅಲ್ಲಿಯೇ ತೀರಿಕೊಂಡ. ಅವನ ವಾದನದ ಒಂದು ನಾದವೂ ಇಂದು ಉಳಿದಿಲ್ಲ. ಧ್ವನಿಮುದ್ರಿಕೆ ಇಲ್ಲದಿದ್ದರೆ ಜಾಝ್ ಸಮಸ್ತವೂ ಬೋಲ್ಡನ್ನನ ಹಾಗೆ ದಂತಕಥೆಯಾಗಿಬಿಡುತ್ತಿತ್ತು.

ಮೊದಲ ಜಾಝ್ ತಟ್ಟೆ ಸಿದ್ಧವಾದದ್ದು 1917ರ ಫೆಬ್ರವರಿ 26ರಂದು, ನ್ಯೂಯಾರ್ಕಿನ ವಿಕ್ಟರ್ ಕಂಪನಿಯಲ್ಲಿ. ವಾದಕರು ನ್ಯೂ ಆರ್ಲಿಯನ್ಸಿನವರಾದರೂ ಬಿಳಿಯರು. ಕಪ್ಪು ಜನರ ಸಂಗೀತ ಮೊದಲು ಬಿಳಿಯರ ಕೈಯಿಂದ ಮುದ್ರಿತವಾಯಿತೆಂಬ ಈ ಸಂಗತಿಯನ್ನು ನೆನಪಿನಲ್ಲಿಡಬೇಕು. ಮುಂದಿನ ಅನೇಕ ತಪ್ಪುತಿಳಿವಳಿಕೆಗಳ ಬೇರು ಇಲ್ಲಿದೆ. ಕಿಂಗ್ ಆಲಿವರನ ಮೇಳ 1923ರ ಏಪ್ರಿಲಿನಲ್ಲಿ ಇಂಡಿಯಾನದ ರಿಚ್ಮಂಡ್ ಎಂಬ ಸಣ್ಣ ಊರಿನಲ್ಲಿ ನುಡಿಸಿ ಮುದ್ರಿಸಿದಾಗ, ಅದರಲ್ಲಿ ಎರಡನೆಯ ಕಾರ್ನೆಟ್ ಹಿಡಿದಿದ್ದವನು ತರುಣ ಲೂಯಿ ಆರ್ಮ್‌ಸ್ಟ್ರಾಂಗ್. ಐದು ವರ್ಷಗಳ ತರುವಾಯ, 1928ರ ಜೂನಿನಲ್ಲಿ, ಅವನು 'ವೆಸ್ಟ್ ಎಂಡ್ ಬ್ಲೂಸ್' ನುಡಿಸಿದ. ಯಾವ ಪಕ್ಕವಾದ್ಯವೂ ಇಲ್ಲದೆ ಏಕಾಂಗಿಯಾಗಿ ಎತ್ತಿಕೊಳ್ಳುವ ಅದರ ಆರಂಭದ ಟ್ರಂಪೆಟ್ ಆಲಾಪ ಹದಿನೈದು ಸೆಕೆಂಡು ಮೀರುವುದಿಲ್ಲ. ಜಾಝ್ ಎಂದರೆ ಕುಣಿತದ ಗದ್ದಲವಲ್ಲ, ಒಬ್ಬ ಮನುಷ್ಯ ತನ್ನ ಅಂತರಂಗವನ್ನು ನುಡಿಸಬಹುದಾದ ಕಲೆ ಎಂಬುದನ್ನು ಅನೇಕರಿಗೆ ಮನಗಾಣಿಸಿದ್ದು ಇದೇ.

ಆ ಕಾಲದ ತಟ್ಟೆಯ ಸ್ವರೂಪವನ್ನೂ ತಿಳಿಯಬೇಕು. ಅದು ನಿಮಿಷಕ್ಕೆ 78 ಸುತ್ತು ತಿರುಗುವ, ಹತ್ತು ಅಂಗುಲದ, ಬಿದ್ದರೆ ಒಡೆಯುವ ವಸ್ತು. ಒಂದು ಮಗ್ಗುಲಿಗೆ ಸುಮಾರು ಮೂರು ನಿಮಿಷದ ಸಂಗೀತ. ನಡುವಿನ ದುಂಡು ಚೀಟಿಯಲ್ಲಿ ಹಾಡಿನ ಹೆಸರು, ಮೇಳದ ಹೆಸರು, ಬಹುಮಟ್ಟಿಗೆ 'ಫಾಕ್ಸ್‌ಟ್ರಾಟ್' ಎಂಬ ನೃತ್ಯದ ಹೆಸರು ಇಷ್ಟು ಮಾತ್ರ ಇರುತ್ತಿದ್ದವು. ಕ್ಲಾರಿನೆಟ್ ಯಾರದು, ಪಿಯಾನೋ ಯಾರದು ಎಂಬುದನ್ನು ಅಚ್ಚು ಮಾಡುವ ಅಗತ್ಯ ಕಂಪನಿಗೆ ಕಾಣುತ್ತಿರಲಿಲ್ಲ. ಒಂದೇ ಮುದ್ರಣವನ್ನು ಬೇರೆ ಬೇರೆ ಸುಳ್ಳು ಹೆಸರಿನ ಮೇಳಗಳದೆಂದು ಅಗ್ಗದ ಮಾಲೆಗಳಲ್ಲಿ ಮಾರುವ ಪದ್ಧತಿಯೂ ಇತ್ತು. ಕಪ್ಪು ಗಿರಾಕಿಗಳಿಗೆಂದು ತೆಗೆದ ತಟ್ಟೆಗಳಿಗೆ 'ರೇಸ್ ರೆಕಾರ್ಡ್ಸ್' ಎಂಬ ಪ್ರತ್ಯೇಕ ಪಟ್ಟಿಯೇ ಇದ್ದು, ಮಾರಾಟ ತಗ್ಗಿದೊಡನೆ ಅವು ಅಂಗಡಿಯಿಂದ ಮಾಯವಾಗುತ್ತಿದ್ದವು.

ಈ ಸಂಗೀತವನ್ನು ಕಲೆಯೆಂದು ಬರೆದು ಹೇಳಿದವರಲ್ಲಿ ಯೂರೋಪಿನವರು ಮೊದಲಿಗರು. ಸ್ವಿಟ್ಜರ್ಲೆಂಡಿನ ಸಂಗೀತ ನಿರ್ದೇಶಕ ಅರ್ನೆಸ್ಟ್ ಆನ್ಸರ್ಮೆ 1919ರಲ್ಲಿಯೇ, ಅಮೆರಿಕದಿಂದ ಬಂದ ಕಪ್ಪು ಕಲಾವಿದರ ಮೇಳವೊಂದನ್ನು ಕೇಳಿ, ಅದರ ಕ್ಲಾರಿನೆಟ್ ವಾದಕ ಸಿಡ್ನಿ ಬೆಶೆಯನ್ನು ಹೆಸರಿಸಿ ಕೊಂಡಾಡಿದ. ಆದರೆ ನಿಜವಾದ ಕೇಳುಗರ ಕೂಟ ಕಟ್ಟಿಕೊಂಡದ್ದು 1932ರಲ್ಲಿ, ಪ್ಯಾರಿಸ್ಸಿನಲ್ಲಿ. ಕೆಲವು ವಿದ್ಯಾರ್ಥಿಗಳು ಕಲೆತು 'ಹಾಟ್ ಕ್ಲಬ್ ದ ಫ್ರಾನ್ಸ್' ಎಂಬ ಸಂಘವನ್ನು ಆರಂಭಿಸಿದರು. ಸದಸ್ಯರು ತಟ್ಟೆಗಳನ್ನು ತರುವುದು, ಎಲ್ಲರೂ ಕೂಡಿ ಕೇಳುವುದು, ಯಾವ ವಾದಕನ ಸರದಿ ಹೇಗಿತ್ತು ಎಂದು ಚರ್ಚಿಸುವುದು ಇದೇ ಅದರ ಕಾರ್ಯಕ್ರಮ. ಕ್ರಮೇಣ ಸಂಘ ಕಚೇರಿಗಳನ್ನು ಏರ್ಪಡಿಸಿತು. 1934ರಲ್ಲಿ ಜಾಂಗೊ ರೈನ್‌ಹಾರ್ಟನ ಗಿಟಾರ್, ಸ್ತೆಫಾನ್ ಗ್ರಾಪೆಲಿಯ ಪಿಟೀಲು ಸೇರಿದ ತನ್ನದೇ ತಂತಿವಾದ್ಯ ಮೇಳಕ್ಕೆ ಹೆಸರು ಕೊಟ್ಟಿತು. 1935ರಲ್ಲಿ 'ಜಾಝ್ ಹಾಟ್' ಎಂಬ ಪತ್ರಿಕೆಯನ್ನು ಹೊರಡಿಸಿತು. ಕೇಳುಗರ ಸಂಘವೊಂದು ಸಂಗೀತವನ್ನೇ ಹುಟ್ಟಿಸಿದ ವಿರಳ ಪ್ರಸಂಗವಿದು.

ಈ ಸಂಘದ ಅಧ್ಯಕ್ಷ ಯೂಗ್ ಪನಾಸಿಯೆ. ಹದಿಹರೆಯದಲ್ಲಿ ಪೋಲಿಯೋ ತಗುಲಿ ಕಾಲಿನ ಶಕ್ತಿ ಕುಂದಿದ್ದ ಇವನಿಗೆ ತಟ್ಟೆಗಳೇ ಲೋಕವಾದವು. ಇನ್ನೂ ಇಪ್ಪತ್ತೆರಡರ ವಯಸ್ಸಿನಲ್ಲಿ, 1934ರಲ್ಲಿ, ಅವನು ಪ್ರಕಟಿಸಿದ 'ಲ ಜಾಝ್ ಹಾಟ್' ಎಂಬ ಗ್ರಂಥ ಜಾಝ್ ವಿಮರ್ಶೆಯ ಮೊದಲ ಕೃತಿಗಳಲ್ಲೊಂದು. ಎರಡು ವರ್ಷಗಳಲ್ಲಿ ಅದು ಇಂಗ್ಲಿಷಿಗೆ ಅನುವಾದವಾಗಿ ಅಮೆರಿಕನ್ನರು ತಮ್ಮ ಸಂಗೀತದ ವಿಚಾರವನ್ನು ಫ್ರೆಂಚನೊಬ್ಬನಿಂದ ಓದಿ ತಿಳಿಯುವಂತಾಯಿತು. ಆದರೆ ಅಮೆರಿಕವನ್ನು ಕಾಣದೆಯೇ ಬರೆದ ಈ ಗ್ರಂಥದಲ್ಲಿ ಒಂದು ದೊಡ್ಡ ಓರೆಯಿತ್ತು. ಬಿಳಿಯ ವಾದಕರಿಗೆ ಅಲ್ಲಿ ಸಿಕ್ಕ ಸ್ಥಾನ ಅವರ ಅಳತೆಗೆ ಮೀರಿದ್ದು. ಅವನು ಮೊದಲು ಕೇಳಿದ್ದು ಬಿಳಿಯರ ವಾದನವನ್ನೇ. ಕಿವಿ ಅದಕ್ಕೆ ಹೊಂದಿಕೊಂಡಿತ್ತು. ಅನಂತರ ಕಪ್ಪು ಕಲಾವಿದರನ್ನು ವಿಸ್ತಾರವಾಗಿ ಕೇಳಿದ ಮೇಲೆ, 1942ರಲ್ಲಿ ಹೊರಬಂದ 'ದಿ ರಿಯಲ್ ಜಾಝ್' ಎಂಬ ಪುಸ್ತಕದಲ್ಲಿ ಅವನೇ ಇದನ್ನು ತಿದ್ದಿದ. ಕೇಳುಗನ ತೀರ್ಪು ಅವನ ಕೈಗೆ ದೊರೆತ ತಟ್ಟೆಗಳಿಗಿಂತ ದೊಡ್ಡದಾಗಲಾರದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ಸಂಘದ ಇನ್ನೊಬ್ಬ ಪ್ರಮುಖ ಶಾರ್ಲ್ ದಲೋನೆ, ಪ್ರಸಿದ್ಧ ಚಿತ್ರಕಾರ ದಂಪತಿಗಳಾದ ರೊಬೇರ್ ಮತ್ತು ಸೋನಿಯಾ ದಲೋನೆಯರ ಮಗ. ಇವನು ಮಾಡಿದ ಕೆಲಸ ಕನ್ನಡ ವಿದ್ಯಾರ್ಥಿಗಳಿಗೆ ಬಹಳ ಆತ್ಮೀಯವಾಗಿ ಕಾಣಬೇಕು, ಏಕೆಂದರೆ ಅದು ಗ್ರಂಥಸಂಪಾದನೆಯ ಕೆಲಸ. ಓಲೆಗರಿಯ ಕಟ್ಟುಗಳ ಮುಂದೆ ಕುಳಿತ ಸಂಪಾದಕ ಕರ್ತೃ ಯಾರು, ಕಾಲ ಯಾವುದು, ಪಾಠಾಂತರವೆಷ್ಟು ಎಂದು ಕೇಳುವಂತೆ, ದಲೋನೆ ತಟ್ಟೆಗಳ ಮುಂದೆ ಕುಳಿತು ಕೇಳಿದ. ತಟ್ಟೆಯ ಮೇಣದ ಮೇಲೆ, ಚೀಟಿಯ ಅಂಚಿನಲ್ಲಿ, ಕಂಪನಿಯವರು ತಮ್ಮ ಲೆಕ್ಕಕ್ಕಾಗಿ ಕೊರೆಯುತ್ತಿದ್ದ ಸಂಖ್ಯೆಯೊಂದಿರುತ್ತದೆ. ಹೆಸರು ಸುಳ್ಳಾದರೂ ಈ ಸಂಖ್ಯೆ ಸುಳ್ಳಾಡುವುದಿಲ್ಲ. ಒಂದೇ ಹಾಡನ್ನು ಒಂದೇ ದಿನ ಎರಡು ಮೂರು ಸಲ ನುಡಿಸಿದ್ದರೆ ಆ ಭೇದವೂ ಅದರಿಂದ ತಿಳಿಯುತ್ತದೆ. ಅದರ ಜೊತೆಗೆ ಸಂಗೀತಗಾರರನ್ನು ಕಂಡು ವಿಚಾರಿಸಿ, ಶೈಲಿಯನ್ನು ಕಿವಿಯಿಂದ ಗುರುತಿಸಿ, ಪತ್ರಗಳ ಮೂಲಕ ಇತರ ಸಂಗ್ರಾಹಕರ ತಿಳಿವಳಿಕೆಯನ್ನು ಕೂಡಿಸಿ, ಯಾವ ತಟ್ಟೆಯಲ್ಲಿ ಯಾರು ಯಾವ ವಾದ್ಯವನ್ನು ಯಾವಾಗ ನುಡಿಸಿದರೆಂಬ ಪಟ್ಟಿಯನ್ನು ಅವನು 1936ರಲ್ಲಿ 'ಹಾಟ್ ಡಿಸ್ಕಾಗ್ರಫಿ' ಎಂಬ ಹೆಸರಿನಲ್ಲಿ ಅಚ್ಚು ಮಾಡಿಸಿದ. ಆರ್. ನರಸಿಂಹಾಚಾರ್ಯರು 'ಕರ್ಣಾಟಕ ಕವಿಚರಿತೆ'ಯಿಂದ ಕನ್ನಡ ಕವಿಗಳಿಗೆ ಮಾಡಿದ ಉಪಕಾರವನ್ನು ಈ ಪಟ್ಟಿ ಜಾಝ್ ವಾದಕರಿಗೆ ಮಾಡಿತೆಂದರೆ ಅತಿಶಯವಲ್ಲ. ಅನಾಮಧೇಯರಾಗಿ, ದಿನಗೂಲಿ ಪಡೆದು ನುಡಿಸಿ ಹೋದ ನೂರಾರು ಮಂದಿ ಅಲ್ಲಿ ಹೆಸರು ಪಡೆದರು.

ಇದೇ ವೇಳೆಗೆ ನ್ಯೂಯಾರ್ಕಿನ 42ನೆಯ ಬೀದಿಯಲ್ಲಿ ಮಿಲ್ಟ್ ಗೇಬ್ಲರ್ ಎಂಬ ತರುಣ ತನ್ನ ತಂದೆಯ ರೇಡಿಯೋ ಅಂಗಡಿಯನ್ನು 'ಕಮೊಡೋರ್' ಎಂಬ ಜಾಝ್ ತಟ್ಟೆಗಳ ಅಂಗಡಿಯನ್ನಾಗಿ ಮಾರ್ಪಡಿಸಿದ್ದ. ಅಲ್ಲಿ ಕೊಳ್ಳುವವರಿಗಿಂತ ಕೇಳುತ್ತ, ವಾದಿಸುತ್ತ ನಿಲ್ಲುವವರೇ ಹೆಚ್ಚು. ಕಂಪನಿಗಳು ಕೈಬಿಟ್ಟ ಹಳೆಯ ತಟ್ಟೆಗಳನ್ನು ಈ ಗಿರಾಕಿಗಳು ಪದೇ ಪದೇ ಕೇಳುತ್ತಿದ್ದರಿಂದ, ಗೇಬ್ಲರ್ ಕಂಪನಿಗಳಿಗೆ ಹಣ ತೆತ್ತು ಅವನ್ನು ಮರಳಿ ಒತ್ತಿಸಿದ. ಅಮೆರಿಕದ ಕೇಳುಗರ ಸಂಘಗಳ ಒಕ್ಕೂಟವೊಂದು 1935ರಲ್ಲಿ ಏರ್ಪಟ್ಟು, ಅದರ ಹೆಸರಿನಲ್ಲಿ ಈ ಪುನರ್ಮುದ್ರಣಗಳು ಬಂದವು. ಇವುಗಳ ಚೀಟಿಯ ಮೇಲೆ ಪ್ರತಿಯೊಬ್ಬ ವಾದಕನ ಹೆಸರೂ ಅಚ್ಚಾಗಿತ್ತು. ಸಣ್ಣ ಸಂಗತಿಯೆಂದು ತೋರಬಹುದು. ಕಲಾವಿದನನ್ನು ಸರಕಿನ ಭಾಗವೆಂದು ಎಣಿಸುವುದಕ್ಕೂ ಕೃತಿಯ ಕರ್ತೃವೆಂದು ಎಣಿಸುವುದಕ್ಕೂ ಇರುವ ಅಂತರವೇ ಆ ನಾಲ್ಕು ಸಾಲುಗಳಲ್ಲಿದೆ. ಕಪ್ಪು ಜನರನ್ನು ಗುಂಪುಗೂಡಿ ಕೊಂದು ಮರಕ್ಕೆ ನೇತುಹಾಕುತ್ತಿದ್ದ ಕ್ರೌರ್ಯವನ್ನು ಕುರಿತ 'ಸ್ಟ್ರೇಂಜ್ ಫ್ರೂಟ್' ಗೀತೆಯನ್ನು 1939ರಲ್ಲಿ ಬಿಲ್ಲಿ ಹಾಲಿಡೇ ಮುದ್ರಿಸಲು ಬಯಸಿದಾಗ, ಅವಳ ಕಂಪನಿ ಹಿಂಜರಿಯಿತು. ಮುದ್ರಿಸಿದವನು ಈ ಅಂಗಡಿಯ ಗೇಬ್ಲರ್.

'ಆಲ್ಬಮ್' ಎಂಬ ಮಾತೂ ಇಲ್ಲಿ ಬರುತ್ತದೆ. ಫೋಟೋಗಳನ್ನು ಅಂಟಿಸುವ ಪುಸ್ತಕದಂತೆ, ನಾಲ್ಕಾರು ತಟ್ಟೆಗಳನ್ನು ಹಾಳೆಗಳ ಚೀಲದಲ್ಲಿಟ್ಟು ರಟ್ಟು ಕಟ್ಟಿದ ಸಂಪುಟಕ್ಕೆ ಆ ಹೆಸರು. ಯೇಲ್ ವಿಶ್ವವಿದ್ಯಾನಿಲಯದಲ್ಲಿ ಓದುತ್ತಿದ್ದ ಜಾರ್ಜ್ ಅವಾಕಿಯನ್ ಎಂಬ ಕೇಳುಗ ಡೆಕ್ಕಾ ಕಂಪನಿಗಾಗಿ 'ಚಿಕಾಗೊ ಜಾಝ್' ಎಂಬ ಸಂಪುಟವನ್ನು ಯೋಜಿಸಿದ. ಬಳಿಕ 1940ರಲ್ಲಿ ಕೊಲಂಬಿಯಾ ಕಂಪನಿ ತನ್ನ ಉಗ್ರಾಣವನ್ನು ಶೋಧಿಸಲು ಅವನನ್ನು ನೇಮಿಸಿತು. ಆರ್ಮ್‌ಸ್ಟ್ರಾಂಗನು ಇಪ್ಪತ್ತರ ದಶಕದಲ್ಲಿ ನುಡಿಸಿದ್ದು, ಬೆಳಕು ಕಾಣದೆ ಬಿದ್ದಿದ್ದ ಮುದ್ರಣಗಳು ಅಲ್ಲಿ ಸಿಕ್ಕವು. ತಟ್ಟೆಯ ಕಂಪನಿಗೇ ತನ್ನ ಮನೆಯಲ್ಲಿ ಏನಿದೆಯೆಂದು ತೋರಿಸಿಕೊಡಲು ಒಬ್ಬ ವಿದ್ಯಾರ್ಥಿ ಬೇಕಾಯಿತು.

ಆ ವರ್ಷವೇ ಜರ್ಮನ್ ಸೇನೆ ಪ್ಯಾರಿಸ್ಸನ್ನು ಹಿಡಿಯಿತು. ಹಿಟ್ಲರನ ಆಡಳಿತಕ್ಕೆ ಜಾಝ್ ಕಪ್ಪು ಜನರ, ಯಹೂದಿಗಳ ಹೊಲಸು. ಆದರೂ ಫ್ರಾನ್ಸಿನಲ್ಲಿ ಇಂಗ್ಲಿಷ್ ಹಾಡುಗಳಿಗೆ ಫ್ರೆಂಚ್ ಹೆಸರಿಟ್ಟು ನುಡಿಸುವ ಉಪಾಯದಿಂದ ಕಚೇರಿಗಳು ನಡೆದವು. ಸಂಘದ ಕೆಲಸಕ್ಕೆಂದು ಊರೂರು ತಿರುಗುತ್ತಿದ್ದ ದಲೋನೆ ಆ ನೆಪದಲ್ಲಿ ಪ್ರತಿರೋಧ ಚಳವಳಿಗೂ ದುಡಿಯುತ್ತಿದ್ದ. ಗೆಸ್ಟಪೊ 1943ರಲ್ಲಿ ಅವನನ್ನು ಹಿಡಿದು ವಿಚಾರಿಸಿ ಬಿಟ್ಟಿತು. ಅವನ ಸಂಗಡಿಗರೆಲ್ಲರಿಗೂ ಆ ಅದೃಷ್ಟವಿರಲಿಲ್ಲ. ಅದೇ ಪ್ಯಾರಿಸ್ಸಿನಲ್ಲಿ ಡೀಟ್ರಿಶ್ ಶುಲ್ಟ್ಸ್-ಕೋನ್ ಎಂಬ ಜರ್ಮನ್ ವಾಯುಪಡೆಯ ಅಧಿಕಾರಿಯೂ ಇದ್ದ. ಅವನು ಮೊದಲಿನಿಂದಲೂ ತಟ್ಟೆಗಳ ಸಂಗ್ರಾಹಕ. ಸೈನಿಕ ಸಮವಸ್ತ್ರದಲ್ಲಿಯೇ ಜಿಪ್ಸಿ ಜನಾಂಗದ ಜಾಂಗೊ ಮತ್ತು ಕಪ್ಪು ವಾದಕರೊಡನೆ ನಿಂತು ಅವನು ತೆಗೆಸಿಕೊಂಡ ಭಾವಚಿತ್ರ ಉಳಿದಿದೆ. ಯುದ್ಧಕಾಲದಲ್ಲಿ ಜರ್ಮನಿಯ ಜಾಝ್ ಪ್ರಿಯರಿಗಾಗಿ ಗುಟ್ಟಾಗಿ ಸುದ್ದಿಪತ್ರವನ್ನು ಹಂಚಿದವರಲ್ಲಿ ಅವನೂ ಒಬ್ಬ. ರಸಿಕತೆ ದ್ವೇಷದ ಗೋಡೆಯನ್ನು ದಾಟಬಲ್ಲದೆಂದು ಇದರಿಂದ ಸಂತೋಷಪಡಬಹುದು. ಗೋಡೆಯನ್ನು ಕೆಡವುವ ಶಕ್ತಿ ರಸಿಕತೆಯೊಂದಕ್ಕೇ ಇಲ್ಲವೆಂದೂ ಇದರಿಂದ ಕಲಿಯಬೇಕು, ಏಕೆಂದರೆ ಆ ಅಧಿಕಾರಿ ಕೇಳಿದ್ದು ಜಾಝನ್ನಾದರೂ ತೊಟ್ಟದ್ದು ಆ ಸಮವಸ್ತ್ರವನ್ನೇ.

ಕೇಳುಗರ ಪ್ರೀತಿಯ ಬಲ ಮತ್ತು ದೌರ್ಬಲ್ಯಗಳೆರಡೂ ಒಂದೇ ಕಡೆ ಕಾಣುವ ಕಥೆ ಬಂಕ್ ಜಾನ್ಸನ್ನನದು. ಅಮೆರಿಕದ ಕೆಲವು ಉತ್ಸಾಹಿ ಸಂಗ್ರಾಹಕರು ಕೂಡಿ 'ಜಾಝ್‌ಮೆನ್' ಎಂಬ ಚರಿತ್ರೆಯನ್ನು ಬರೆಯುತ್ತಿದ್ದಾಗ, ಹಳೆಯ ವಾದಕರ ಬಾಯಲ್ಲಿ ಬಂಕ್ ಎಂಬ ಟ್ರಂಪೆಟ್ ವಾದಕನ ಹೆಸರು ಬರುತ್ತಿತ್ತು. ಅವನ ತಟ್ಟೆ ಒಂದೂ ಇರಲಿಲ್ಲ. ವಿಲಿಯಂ ರಸೆಲ್ ಎಂಬ ಸಂಶೋಧಕ ಪತ್ರಗಳನ್ನು ಕಳುಹಿಸಿ ಹುಡುಕಿದಾಗ ಅವನು ಲೂಯಿಸಿಯಾನದ ನ್ಯೂ ಐಬೀರಿಯಾದಲ್ಲಿ, ಭತ್ತದ ಗದ್ದೆಗಳ ನಡುವೆ, ಕೂಲಿ ಮಾಡುತ್ತ ಬದುಕಿದ್ದಾನೆಂದು ತಿಳಿಯಿತು. 1931ರಲ್ಲಿ ಒಂದು ನೃತ್ಯಕೂಟದಲ್ಲಿ ಮೇಳದ ನಾಯಕನ ಕೊಲೆಯಾಗಿ, ಆ ಗಲಭೆಯಲ್ಲಿ ಬಂಕನ ವಾದ್ಯವೂ ನುಚ್ಚಾಗಿತ್ತು. ಹಲ್ಲುಗಳೂ ಹೋಗಿದ್ದವು. ಹಲ್ಲಿಲ್ಲದವನು ಟ್ರಂಪೆಟ್ ಊದಲಾರ. ತನಗೊಂದು ಹಲ್ಲುಕಟ್ಟು, ಒಂದು ತುತ್ತೂರಿ ದೊರೆತರೆ ಮತ್ತೆ ನುಡಿಸಬಲ್ಲೆನೆಂದು ಅವನು ಪತ್ರ ಬರೆದ.

ಈ ಕೇಳುಗರು ಚಂದಾ ಎತ್ತಿದರು. ಹಲ್ಲುಗಳನ್ನು ಕಟ್ಟಿಕೊಟ್ಟವನು ಸಿಡ್ನಿ ಬೆಶೆಯ ಅಣ್ಣ, ದಂತವೈದ್ಯ ಲೆನರ್ಡ್ ಬೆಶೆ. ಪುಸ್ತಕ 1939ರಲ್ಲಿ ಹೊರಬಂತು. 1942ರಲ್ಲಿ ಬಂಕ್ ತನ್ನ ಬದುಕಿನ ಮೊದಲ ತಟ್ಟೆಯನ್ನು ಮುದ್ರಿಸಿದ. ರಸೆಲ್ ಅವನಿಗಾಗಿ, ಅವನಂಥವರಿಗಾಗಿ, 1944ರಲ್ಲಿ ಒಂದು ಮುದ್ರಣಸಂಸ್ಥೆಯನ್ನೇ ತೆರೆದ. ಹಡಗುಕಟ್ಟೆಯಲ್ಲಿ ಮೂಟೆ ಹೊರುತ್ತಿದ್ದ ಜಾರ್ಜ್ ಲೂಯಿಸ್ ಎಂಬ ಕ್ಲಾರಿನೆಟ್ ವಾದಕ ಇದೇ ಅಲೆಯಲ್ಲಿ ಮೇಲೆದ್ದು, ಮುಂದೆ ಯೂರೋಪು ಜಪಾನುಗಳಲ್ಲಿ ನುಡಿಸಿದ. ಬಂಕನ ಮೇಳ 1945ರಲ್ಲಿ ನ್ಯೂಯಾರ್ಕಿಗೆ ಬಂದಾಗ ಪತ್ರಿಕೆಗಳು ಪುರಾಣಪುರುಷನೊಬ್ಬ ಮರಳಿ ಬಂದನೆಂದು ಬರೆದವು.

ಇಲ್ಲಿಂದ ಮುಂದಿನದು ಕಷ್ಟದ ಭಾಗ. ಕೇಳುಗರು ಬಂಕನಲ್ಲಿ ಬಯಸಿದ್ದು 1905ರ ನ್ಯೂ ಆರ್ಲಿಯನ್ಸನ್ನು. ಅವನೂ ಅದನ್ನು ಅರಿತಿದ್ದ. ತಾನು 1879ರಲ್ಲಿ ಹುಟ್ಟಿದೆನೆಂದೂ ಬೋಲ್ಡನ್ನನೊಡನೆ ನುಡಿಸಿದೆನೆಂದೂ ಆರ್ಮ್‌ಸ್ಟ್ರಾಂಗನಿಗೆ ಕಲಿಸಿದೆನೆಂದೂ ಹೇಳಿದ. ಅನಂತರದ ಸಂಶೋಧಕರು ಅವನು ಹೇಳಿದ ವಯಸ್ಸಿನಲ್ಲಿ ಸುಮಾರು ಹತ್ತು ವರ್ಷ ಹೆಚ್ಚಿತ್ತೆಂದು ಎಣಿಸುತ್ತಾರೆ. ಆರ್ಮ್‌ಸ್ಟ್ರಾಂಗನೇ ತನ್ನ ಗುರು ಆಲಿವರನೆಂದು ಸ್ಪಷ್ಟಪಡಿಸಿದ. ಕೇಳುವವರು ಯಾವ ಕಥೆಗೆ ಕಾದು ಕುಳಿತಿದ್ದರೋ ಆ ಕಥೆಯನ್ನೇ ಮುದುಕ ಕೊಟ್ಟ. ಆದರೆ ಸಂಗೀತದಲ್ಲಿ ಅವನಿಗೆ ಹಳಬನಾಗಿರಲು ಇಷ್ಟವಿರಲಿಲ್ಲ. ಅವನು ಸ್ವರಲಿಪಿಯನ್ನು ಬಲ್ಲ ವಾದಕ. ಹೊಸ ಜನಪ್ರಿಯ ಹಾಡುಗಳನ್ನು ನುಡಿಸಲು, ನುರಿತ ಸಂಗಾತಿಗಳೊಡನೆ ನುಡಿಸಲು ಬಯಸುತ್ತಿದ್ದ. ಕೊನೆಗೂ 1947ರಲ್ಲಿ, ತಾನೇ ಆರಿಸಿಕೊಂಡ ವಾದಕರೊಡನೆ, ತಾನೇ ಆರಿಸಿಕೊಂಡ ರ‍್ಯಾಗ್‌ಟೈಮ್ ಮತ್ತು ಜನಪ್ರಿಯ ಹಾಡುಗಳನ್ನು ಮುದ್ರಿಸಿದ. ಎರಡು ವರ್ಷಗಳಲ್ಲಿ ತೀರಿಕೊಂಡ. ಅವನಿಗೆ ಹಲ್ಲನ್ನೂ ವಾದ್ಯವನ್ನೂ ಕೊಟ್ಟ ಪ್ರೀತಿ, ಅವನಿಗಿಷ್ಟವಾದ ಹಾಡನ್ನು ನುಡಿಸುವ ಸ್ವಾತಂತ್ರ್ಯವನ್ನು ಮಾತ್ರ ಬಹಳ ತಡವಾಗಿ ಕೊಟ್ಟಿತು.

ಇದೇ ಗುಣ ಪ್ಯಾರಿಸ್ಸಿನಲ್ಲಿ ಜಗಳದ ರೂಪ ತಾಳಿತು. ಯುದ್ಧದ ವರ್ಷಗಳಲ್ಲಿ ಡಿಜ್ಜಿ ಗಿಲೆಸ್ಪಿ, ಚಾರ್ಲಿ ಪಾರ್ಕರ್ ಮೊದಲಾದ ತರುಣರು ನ್ಯೂಯಾರ್ಕಿನ ಹಾರ್ಲೆಮ್ ಬಡಾವಣೆಯಲ್ಲಿ ಬೀಬಾಪ್ ಎಂಬ ಹೊಸ ಮಾರ್ಗವನ್ನು ಕಂಡುಕೊಂಡರು. ವೇಗದ ನಡೆ, ಜಟಿಲವಾದ ಸ್ವರಸಂಬಂಧ, ಕುಣಿತಕ್ಕೆ ಒಗ್ಗದ ಲಯ. ಅಮೆರಿಕದ ಸಂಗೀತಗಾರರ ಸಂಘ 1942ರ ಆಗಸ್ಟಿನಿಂದ ಮುದ್ರಣಕ್ಕೆ ಮುಷ್ಕರ ಹೂಡಿದ್ದರಿಂದ, ಈ ಬದಲಾವಣೆಯ ನಡುವಿನ ಹಂತಗಳು ತಟ್ಟೆಗೆ ಬರಲೇ ಇಲ್ಲವೆನ್ನಬಹುದು. ಮುಷ್ಕರಕ್ಕೆ ಮೊದಲು, 1941ರಲ್ಲಿ, ಜೆರಿ ನ್ಯೂಮನ್ ಎಂಬ ವಿದ್ಯಾರ್ಥಿ ಮಿಂಟನ್ಸ್ ಎಂಬ ಹಾರ್ಲೆಮಿನ ಕೂಟಕ್ಕೆ ತನ್ನ ಮುದ್ರಣಯಂತ್ರವನ್ನು ಹೊತ್ತುಕೊಂಡು ಹೋಗಿ ಹಿಡಿದಿಟ್ಟದ್ದು ಅಲ್ಪಸ್ವಲ್ಪ. ದೂರದ ಕೇಳುಗರಿಗೆ ಮೊಗ್ಗು ಕಾಣದೆ ಒಮ್ಮೆಗೇ ಕಾಯಿ ಕಂಡಂತಾಯಿತು. ಗಿಲೆಸ್ಪಿ ಮತ್ತು ಪಾರ್ಕರ್ 1945ರಲ್ಲಿ ನುಡಿಸಿದ ತಟ್ಟೆಗಳು ಪ್ಯಾರಿಸ್ಸನ್ನು ಮುಟ್ಟಿದಾಗ, ಆಂದ್ರೆ ಒದೇರ್ ಎಂಬ ತರುಣ ವಿಮರ್ಶಕ ಅವನ್ನು 'ಜಾಝ್ ಹಾಟ್'ನಲ್ಲಿ ಎತ್ತಿ ಹಿಡಿದ, ದಲೋನೆ ಬೆಂಬಲಿಸಿದ, ಇದು ಜಾಝೇ ಅಲ್ಲವೆಂದು ಪನಾಸಿಯೆ ತೀರ್ಪಿತ್ತ. ಹಳಬರಿಗೆ 'ಬೂಷ್ಟು ಹಿಡಿದ ಅಂಜೂರ' ಎಂದೂ ಹೊಸಬರಿಗೆ 'ಹುಳಿದ್ರಾಕ್ಷಿ' ಎಂದೂ ಅಡ್ಡಹೆಸರುಗಳು ಬಿದ್ದವು. ಒಂದೇ ಗ್ರಾಮಫೋನಿನ ಸುತ್ತ ಹದಿನೈದು ವರ್ಷ ಕುಳಿತವರು 1947ರಲ್ಲಿ ಬೇರೆಯಾದರು. ಪನಾಸಿಯೆ 1974ರಲ್ಲಿ ತೀರಿಕೊಳ್ಳುವವರೆಗೂ ತನ್ನ ಮಾತನ್ನು ಬಿಡಲಿಲ್ಲ.

ಸಂಗೀತಗಾರರ ನಡುವೆಯೂ ಇಂಥ ಮಾತು ಇರಲಿಲ್ಲವೆಂದಲ್ಲ. ಆರ್ಮ್‌ಸ್ಟ್ರಾಂಗನೇ ಹೊಸಬರನ್ನು ಟೀಕಿಸಿದ್ದ. ಆದರೆ ಪ್ಯಾರಿಸ್ಸಿನಲ್ಲಿ 1949ರ ಮೇ ತಿಂಗಳಲ್ಲಿ ನಡೆದ ಉತ್ಸವದಲ್ಲಿ ಹಳೆಯ ಪಂಥದ ಬೆಶೆಯೂ ಹೊಸ ಪಂಥದ ಪಾರ್ಕರನೂ ಭಾಗವಹಿಸಿದರು. ಅದೇ ವರ್ಷದ ಕ್ರಿಸ್ಮಸ್ ಸಮಯದಲ್ಲಿ ಕಾರ್ನೆಗಿ ಹಾಲಿನಲ್ಲಿ ನುಡಿಸುತ್ತಿದ್ದ ಪಾರ್ಕರ್, ತನ್ನ ಓಟದ ನಡುವೆ 'ವೆಸ್ಟ್ ಎಂಡ್ ಬ್ಲೂಸ್'ನ ಆರಂಭದ ಆಲಾಪವನ್ನು ನೆನೆದು ನುಡಿಸಿದ. ಕೇಳುಗರು ಎರಡು ಧರ್ಮಗಳೆಂದು ಹೊಡೆದಾಡುತ್ತಿದ್ದುದು ವಾದಕನ ಬೆರಳಲ್ಲಿ ಒಂದೇ ಪರಂಪರೆಯಾಗಿ ಹರಿಯುತ್ತಿತ್ತು.

ನಿಮಿಷಕ್ಕೆ ಮೂವತ್ತಮೂರು ಸುತ್ತಿನ ಉದ್ದ ತಟ್ಟೆ 1948ರಲ್ಲಿ ಬಂದ ಮೇಲೆ ಒಂದು ಆಲ್ಬಮ್ ಎಂದರೆ ಒಂದು ಗ್ರಂಥದಂತಾಯಿತು. ಅದರ ವಿಮರ್ಶೆ ಪತ್ರಿಕೆಗಳ ಕಾಯಂ ಅಂಕಣವಾಯಿತು. ಆರ್ನೆಟ್ ಕೋಲ್ಮನ್ನನ 'ಫ್ರೀ ಜಾಝ್' ಬಂದಾಗ, 1962ರ ಆದಿಯಲ್ಲಿ, 'ಡೌನ್‌ಬೀಟ್' ಪತ್ರಿಕೆ ಎರಡು ವಿಮರ್ಶೆಗಳನ್ನು ಒಟ್ಟಿಗೆ ಪ್ರಕಟಿಸಿತು. ಒಬ್ಬ ವಿಮರ್ಶಕ ಐದಕ್ಕೆ ಐದು ನಕ್ಷತ್ರ ಕೊಟ್ಟಿದ್ದ. ಇನ್ನೊಬ್ಬ ಒಂದನ್ನೂ ಕೊಟ್ಟಿರಲಿಲ್ಲ. ಅದಕ್ಕೆ ಸ್ವಲ್ಪ ಮೊದಲು, 1961ರಲ್ಲಿ, ಅದೇ ಪತ್ರಿಕೆಯಲ್ಲಿ ಜಾನ್ ಕೋಲ್ಟ್ರೇನನ ವಾದನವನ್ನು ಜಾಝ್‌ವಿರೋಧಿಯೆಂದು ಹಳಿದಿದ್ದರು. ರವಿಶಂಕರರ ಧ್ವನಿಮುದ್ರಿಕೆಗಳನ್ನು ಆಸ್ಥೆಯಿಂದ ಕೇಳುತ್ತಿದ್ದ ಕೋಲ್ಟ್ರೇನ್ ಆ ತಿಂಗಳುಗಳಲ್ಲಿಯೇ 'ಇಂಡಿಯಾ' ಎಂಬ ಕೃತಿಯನ್ನು ನುಡಿಸಿದ; ಮುಂದೆ ತನ್ನ ಮಗನಿಗೆ ರವಿ ಎಂದೇ ಹೆಸರಿಟ್ಟ. ಮೈಲ್ಸ್ ಡೇವಿಸ್‌ನ 'ಕೈಂಡ್ ಆಫ್ ಬ್ಲೂ' 1959ರಲ್ಲಿ ಬಂದಾಗ, ಮುದ್ರಣಯಂತ್ರದ ದೋಷದಿಂದ ಅದರ ಮೊದಲ ಮಗ್ಗುಲು ತುಸು ವೇಗವಾಗಿ, ತುಸು ಏರಿದ ಶ್ರುತಿಯಲ್ಲಿ ಹೊರಬಿದ್ದಿತ್ತು. ಅದನ್ನು ಸರಿಪಡಿಸಿದ ಮುದ್ರಣ ಬಂದದ್ದು 1992ರಲ್ಲಿ. ಮೂವತ್ತಮೂರು ವರ್ಷ ಲೋಕ ತಲೆದೂಗಿದ್ದು ವಾದಕರು ನುಡಿಸಿದ ಶ್ರುತಿಗಲ್ಲ. ತಟ್ಟೆಯೇ ಸತ್ಯವೆಂದು ನಂಬುವ ಸಂಗ್ರಾಹಕರು ಇದನ್ನು ಮರೆಯದಿದ್ದರೆ ಒಳ್ಳೆಯದು.

ಇನ್ನೊಂದು ಪರೀಕ್ಷೆಯ ಮಾತು. ಲೆನರ್ಡ್ ಫೆದರ್ ಎಂಬ ವಿಮರ್ಶಕ, ಹೆಸರು ಹೇಳದೆ ತಟ್ಟೆ ಹಾಕಿ ಸಂಗೀತಗಾರರ ಅಭಿಪ್ರಾಯ ಕೇಳುವ ಕ್ರಮವನ್ನು 1946ರಿಂದ ನಡೆಸಿದ. ಕಪ್ಪು ವಾದಕನನ್ನೂ ಬಿಳಿಯ ವಾದಕನನ್ನೂ ಕಿವಿಯಿಂದಲೇ ಬೇರ್ಪಡಿಸಬಲ್ಲ ಶ್ರೇಷ್ಠ ಟ್ರಂಪೆಟ್ ವಾದಕನೆಂಬ ಭರವಸೆಯಿಂದ ರಾಯ್ ಎಲ್ಡ್ರಿಜ್ 1951ರಲ್ಲಿ ಇದಕ್ಕೆ ಕುಳಿತು, ಬೇರ್ಪಡಿಸಲಾರದೆ ಸೋತ. ನಾದಕ್ಕೆ ಮೈಬಣ್ಣವಿಲ್ಲ ನಿಜ. ಆದರೆ ನಾದದ ವ್ಯಾಪಾರಕ್ಕೆ ಇತ್ತು. ಕವಿ ಲೀರಾಯ್ ಜೋನ್ಸ್, ಮುಂದೆ ಅಮಿರಿ ಬರಾಕಾ ಎಂದು ಪ್ರಸಿದ್ಧನಾದವನು, 1963ರಲ್ಲಿ ಬರೆದ ಲೇಖನದಲ್ಲಿ, ಜಾಝಿನ ದೊಡ್ಡ ವಾದಕರು ಬಹುಮಟ್ಟಿಗೆ ಕಪ್ಪು ಜನ, ವಿಮರ್ಶಕರು ಬಹುಮಟ್ಟಿಗೆ ಬಿಳಿಯರು ಎಂಬುದನ್ನು ಎತ್ತಿ ತೋರಿಸಿ, ಸಂಗೀತವನ್ನು ಹುಟ್ಟಿಸಿದ ಬಾಳನ್ನು ಅರಿಯದೆ ಬರಿಯ ಸ್ವರಗಳನ್ನು ತೂಗುವ ವಿಮರ್ಶೆ ಅರೆಯಾದದ್ದೆಂದು ವಾದಿಸಿದ. ನಾನು ಇದುವರೆಗೆ ಹೊಗಳಿದ ಕೇಳುಗರಿಗೆಲ್ಲ ಈ ಮಾತು ಅನ್ವಯಿಸುತ್ತದೆ.

ಜಪಾನಿನ ಕೇಳುಗರು ಬೇರೆಯೇ ಒಂದು ಸಂಪ್ರದಾಯವನ್ನು ಬೆಳೆಸಿದರು. ಆಮದಾದ ತಟ್ಟೆಗಳ ಬೆಲೆ ಜನಸಾಮಾನ್ಯರ ಕೈಗೆ ಎಟುಕದಿದ್ದ ಕಾಲದಲ್ಲಿ, ಒಂದು ಲೋಟ ಕಾಫಿಯ ಬೆಲೆಗೆ ಗಂಟೆಗಟ್ಟಲೆ ಕುಳಿತು ಕೇಳಬಹುದಾದ 'ಜಾಝ್ ಕಿಸ್ಸಾ' ಎಂಬ ಅಂಗಡಿಗಳು ಹುಟ್ಟಿಕೊಂಡವು. ಯೊಕೊಹಾಮದ 'ಚಿಗುಸಾ' 1933ರಲ್ಲಿ ತೆರೆದದ್ದು. ಯುದ್ಧಕಾಲದಲ್ಲಿ ಶತ್ರುಸಂಗೀತವೆಂದು ಜಾಝ್ ನಿಷಿದ್ಧವಾಯಿತು. 1945ರ ವಾಯುದಾಳಿಯಲ್ಲಿ ಅಂಗಡಿಯೇ ಸುಟ್ಟಿತು. ಯುದ್ಧ ಮುಗಿದ ಮೇಲೆ ಮತ್ತೆ ತೆರೆಯಿತು. ಇಂಥ ಎಷ್ಟೋ ಅಂಗಡಿಗಳಲ್ಲಿ ತಟ್ಟೆ ತಿರುಗುವಾಗ ಮಾತಾಡಬಾರದೆಂಬ ನಿಯಮವಿತ್ತು. ಪ್ಯಾರಿಸ್ಸಿನವರು ವಾದಿಸುತ್ತ ಕೇಳಿದರೆ ಇವರು ಮೌನವಾಗಿ ಕೇಳಿದರು. ಕಾದಂಬರಿಕಾರ ಹರುಕಿ ಮುರಕಾಮಿ 1974ರಿಂದ ಕೆಲವು ವರ್ಷ ಟೋಕಿಯೋದಲ್ಲಿ ಜಾಝ್ ಅಂಗಡಿಯೊಂದನ್ನು ನಡೆಸುತ್ತ, ರಾತ್ರಿಯ ಬಿಡುವಿನಲ್ಲಿ ತನ್ನ ಮೊದಲ ಕಾದಂಬರಿಯನ್ನು ಬರೆದ.

ನಮ್ಮ ನಾಡಿಗೂ ಈ ಕಥೆಯ ಒಂದು ಎಳೆ ಬಂದು ಸೇರುತ್ತದೆ. ಬೆಂಗಳೂರಿನಲ್ಲಿ ಟಿ.ಎ.ಎಸ್. ಮಣಿಯವರು 1964ರಲ್ಲಿ ಸ್ಥಾಪಿಸಿದ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಸಂಸ್ಥೆಯ ಲಯವಾದ್ಯಗಾರರೂ ಗಾಯಕಿ ಆರ್.ಎ. ರಮಾಮಣಿಯವರೂ, ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊನೊಡನೆ ಕೂಡಿ 1983ರಲ್ಲಿ 'ಜ್ಯೋತಿ' ಎಂಬ ಆಲ್ಬಮನ್ನು ಮುದ್ರಿಸಿದರು. ಪಾರ್ಕರನ ಕಾಲದಲ್ಲಿ ಬೆಳೆದ ಮರಿಯಾನೊ ನಾಗಸ್ವರವನ್ನೂ ಶ್ರಮಪಟ್ಟು ಕಲಿತವನು. ಅವನ ಸ್ಯಾಕ್ಸೊಫೋನ್ ಆ ತಟ್ಟೆಯಲ್ಲಿ ಕೊನ್ನಕೋಲಿನ ಬೆನ್ನು ಹಿಡಿದು ನಡೆಯುವುದನ್ನು ಕೇಳಿದವರಿಗೆ, ಅನ್ಯರ ಸಂಗೀತವನ್ನು ತಾಳ್ಮೆಯಿಂದ ಕೇಳುವುದೇ ವಾದಕನಿಗೂ ಮೊದಲ ವಿದ್ಯೆಯೆಂಬುದು ಅರಿವಾಗುತ್ತದೆ.

ಇಷ್ಟೆಲ್ಲ ಹೇಳಿದ ಮೇಲೆ ರಸಿಕನ ಸ್ಥಾನ ಯಾವುದೆಂಬ ಪ್ರಶ್ನೆ ಉಳಿಯುತ್ತದೆ. ಅವನಿಲ್ಲದಿದ್ದರೆ ಹೆಸರುಗಳು ಅಳಿಯುತ್ತಿದ್ದವು, ಉಗ್ರಾಣದ ತಟ್ಟೆಗಳು ಪುಡಿಯಾಗುತ್ತಿದ್ದವು, ಬಂಕ್ ಜಾನ್ಸನ್ ಹಲ್ಲಿಲ್ಲದ ಕೂಲಿಯಾಗಿಯೇ ಮಣ್ಣಾಗುತ್ತಿದ್ದ. ಅದೇ ರಸಿಕ ತಾನು ಮೊದಲು ಮೆಚ್ಚಿದ್ದನ್ನೇ ಕಲೆಯ ಎಲ್ಲೆಯೆಂದು ಗೆರೆ ಎಳೆದಾಗ, ಬದುಕಿರುವ ಕಲಾವಿದನನ್ನು ತನ್ನ ಸಂಗ್ರಹದ ವಸ್ತುವನ್ನಾಗಿ ಮಾಡಿಕೊಂಡ. ಕಾಪಾಡುವುದು, ಕಟ್ಟಿಹಾಕುವುದು ಎರಡನ್ನೂ ಒಂದೇ ಕೈ ಮಾಡಿತು. ನಮ್ಮಲ್ಲಿಯೂ ಹಳೆಯ ವಿದ್ವಾಂಸರ ಮುದ್ರಿಕೆಗಳನ್ನು ಮುಂದಿಟ್ಟುಕೊಂಡು ಇಂದಿನವರನ್ನು ಅಳೆಯುವ ಕೇಳುಗರು ಉಂಟು. ಹಳೆಯ ಕಾವ್ಯವನ್ನು ಮುಂದಿಟ್ಟು ಹೊಸ ಕವಿಯನ್ನು ಹಳಿಯುವ ಓದುಗರು ಉಂಟು. ಸಹೃದಯನ ಹೃದಯ ಕನ್ನಡಿಯಂತಿರಬೇಕೆಂದು ಆಲಂಕಾರಿಕರು ಹೇಳಿದರು. ಮುಂದೆ ಬಂದವರನ್ನೆಲ್ಲ ತೋರಿಸುವುದು ಕನ್ನಡಿಯ ಧರ್ಮ. ಒಬ್ಬರ ಮುಖವನ್ನೇ ಹಿಡಿದಿಟ್ಟುಕೊಂಡರೆ ಅದು ಕನ್ನಡಿಯಲ್ಲ, ಪಟ.